ಬೆರಳಿಗಿಂತ ಮೊದಲು ಕಿವಿ

"ಸ್ವಲ್ಪ ಸೃಜನಶೀಲವಾಗಿ ಯೋಚಿಸೋಣ" ಎಂದು ಯಾರಾದರೂ ಹೇಳಿದ ಕೂಡಲೇ ಸಭೆಗೆ ಒಂದು ಬಗೆಯ ಮಂಕು ಕವಿಯುವುದನ್ನು ನಾನು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಅಲ್ಲಿಯವರೆಗೆ ಬಾಕಿ ವಸೂಲಿಯ ಬಗ್ಗೆಯೋ ಸರಕು ತಲುಪುವುದು ತಡವಾಗುತ್ತಿರುವ ಬಗ್ಗೆಯೋ ಹುರುಪಿನಿಂದ ವಾದಿಸುತ್ತಿದ್ದವರೆಲ್ಲ ಆ ಮಾತು ಕೇಳಿದ್ದೇ ತಡ ಗೋಡೆಯ ಬಿಳಿ ಹಲಗೆಯನ್ನು ನೋಡುತ್ತ ಕೂತುಬಿಡುತ್ತಾರೆ. ಒಬ್ಬರು ರಿಯಾಯಿತಿ ಕೊಡೋಣ ಎನ್ನುತ್ತಾರೆ, ಇನ್ನೊಬ್ಬರು ಹೊಸ ಆ್ಯಪ್ ಮಾಡೋಣ ಎನ್ನುತ್ತಾರೆ, ಮತ್ತೊಬ್ಬರು ಜಾಲತಾಣಗಳಲ್ಲಿ ಪ್ರಚಾರ ಹೆಚ್ಚಿಸೋಣ ಎನ್ನುತ್ತಾರೆ. ಬಣ್ಣದ ಚೀಟಿಗಳು ಹಲಗೆಯನ್ನು ತುಂಬುತ್ತವೆ, ಅವುಗಳ ಫೋಟೊ ತೆಗೆದು ಎಲ್ಲರಿಗೂ ಕಳುಹಿಸಲಾಗುತ್ತದೆ. ಹಿಂದಿನ ಸಭೆಯ ಫೋಟೊ ಪಕ್ಕದಲ್ಲಿಟ್ಟು ನೋಡಿದರೆ ಬದಲಾಗಿರುವುದು ಚೀಟಿಗಳ ಬಣ್ಣ ಮಾತ್ರ. ಆ ಕೋಣೆಯಲ್ಲಿ ಬುದ್ಧಿವಂತರಿಗೆ ಬರವಿಲ್ಲ, ಅವರಲ್ಲಿ ಹಲವರು ನನಗಿಂತ ಚುರುಕಾದವರು. ಆದರೂ ಅದೇ ದಿನ ಸಂಜೆ ನಾನು ಪಿಟೀಲು ಪಾಠಕ್ಕೆ ಹೋಗಿ ಕೂತರೆ, ಸೃಜನಶೀಲತೆ ಎಂಬ ಶಬ್ದವನ್ನು ಯಾರೂ ಉಚ್ಚರಿಸದ ಆ ಕೋಣೆಯಲ್ಲಿ, ನಡುವಯಸ್ಸಿನಲ್ಲಿ ಕಲಿಯಲು ಹೊರಟ ನನ್ನಂಥವನ ಕೈಯಿಂದಲೂ ಒಂದಿಷ್ಟು ಹೊಸದು ಹೊರಡುತ್ತದೆ. ಈ ಎರಡು ಕೋಣೆಗಳ ನಡುವಿನ ವ್ಯತ್ಯಾಸವೇನು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಸುಲಭದ ಉತ್ತರವೊಂದು ಸಿದ್ಧವಾಗಿಯೇ ಇದೆ, ಅದನ್ನು ಮೊದಲು ಬದಿಗಿಡುವುದು ಒಳ್ಳೆಯದು. ಸಂಗೀತವು ಮೆದುಳನ್ನು ಹರಿತಗೊಳಿಸುತ್ತದೆ, ಆದ್ದರಿಂದ ವಾದ್ಯ ಕಲಿತವರು ಉಳಿದೆಲ್ಲದರಲ್ಲೂ ಮುಂದಿರುತ್ತಾರೆ ಎಂಬುದೇ ಆ ಉತ್ತರ. 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಯೋಗದ ವರದಿ ಪ್ರಕಟವಾಯಿತು. 36 ಕಾಲೇಜು ವಿದ್ಯಾರ್ಥಿಗಳು ಮೊಜಾರ್ಟನ ಕೃತಿಯೊಂದನ್ನು 10 ನಿಮಿಷ ಕೇಳಿ, ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವಂಥ ಪರೀಕ್ಷೆಯಲ್ಲಿ ಕೊಂಚ ಹೆಚ್ಚು ಅಂಕ ಪಡೆದಿದ್ದರು. ಆ ಹೆಚ್ಚಳ ಹದಿನೈದು ನಿಮಿಷದೊಳಗೆ ಕರಗಿಹೋಗಿತ್ತು. ಅಷ್ಟನ್ನೇ ಹಿಡಿದು ಜನ ಎಲ್ಲಿಗೆ ಹೋದರೆಂದರೆ, 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ತಮ್ಮ ರಾಜ್ಯದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು ಸರ್ಕಾರದ ಹಣ ಕೇಳಿದರು. ಅದು ಕೇಳುವುದರ ಕಥೆಯಾಯಿತು. ಕಲಿಯುವುದರ ಬಗ್ಗೆಯೂ ಎಚ್ಚರ ಬೇಕು. ಸಾಲಾ ಮತ್ತು ಗೋಬೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2020ರಲ್ಲಿ 54 ಅಧ್ಯಯನಗಳನ್ನು, ಅಂದರೆ ಸುಮಾರು 7,000 ಮಕ್ಕಳ ಫಲಿತಾಂಶಗಳನ್ನು, ಒಟ್ಟಿಗೆ ತೂಗಿ ನೋಡಿದರು. ಸಂಗೀತದ ಬದಲು ಬೇರೇನನ್ನಾದರೂ ಕಲಿತ ಮಕ್ಕಳೊಂದಿಗೆ ಸರಿಯಾಗಿ ಹೋಲಿಸಿದ ಅಧ್ಯಯನಗಳಲ್ಲಿ, ಸಂಗೀತಪಾಠದಿಂದ ಬುದ್ಧಿಶಕ್ತಿಗೂ ಶಾಲೆಯ ಅಂಕಗಳಿಗೂ ಆದ ಲಾಭ ಹೆಚ್ಚುಕಡಿಮೆ ಸೊನ್ನೆ ಎಂದು ಅವರಿಗೆ ಕಂಡಿತು.

ಆದ್ದರಿಂದ ನಾನು ಹೇಳಹೊರಟಿರುವುದು ಅದಕ್ಕಿಂತ ಬಹಳ ಸಣ್ಣ ಮಾತು. ವಾದ್ಯ ನಮ್ಮನ್ನು ಹೆಚ್ಚು ಬುದ್ಧಿವಂತರನ್ನಾಗಿ ಮಾಡಲಾರದು; ಆದರೆ ಅದು ಒಂದು ನಿರ್ದಿಷ್ಟ ರೂಢಿಯನ್ನು ಕೈಗೆ ಹತ್ತಿಸುತ್ತದೆ. ಬಿಗಿಯಾದ ಗಡಿಯೊಳಗೆ ಏನನ್ನಾದರೂ ಹೊರಡಿಸುವುದು, ಹೊರಟದ್ದನ್ನು ಅದು ಇದ್ದಂತೆಯೇ ಕೇಳಿಸಿಕೊಳ್ಳುವುದು, ಕೇಳಿಸಿದ್ದರ ಆಧಾರದ ಮೇಲೆ ಆ ಕ್ಷಣವೇ ಇನ್ನೊಂದನ್ನು ಹೊರಡಿಸುವುದು ಎಂಬಷ್ಟೇ ಆ ರೂಢಿ. ವ್ಯವಹಾರದಲ್ಲಿ ಹೊಸದನ್ನು ಯೋಚಿಸುವುದು ಎಂದರೆ ಬಹುಪಾಲು ಇದೇ ಕೆಲಸ ಎಂಬುದು ನನ್ನ ಅನುಭವ, ಮತ್ತು ಈ ಮೂರರಲ್ಲಿ ನಡುವಿನದೇ ಎಲ್ಲಕ್ಕಿಂತ ಕಷ್ಟದ್ದು ಎಂಬುದು ನನ್ನ ನಂಬಿಕೆ.

ಮೂರು ಸ್ವರ

ಕಲ್ಪನಾಸ್ವರದ, ಅಂದರೆ ರಾಗ ತಾಳಗಳ ಚೌಕಟ್ಟಿನೊಳಗೆ ಸ್ವರಗಳನ್ನು ಆಶುವಾಗಿ ಹೆಣೆಯುವುದರ, ಪಾಠ ಶುರುವಾಗಿದ್ದ ದಿನಗಳವು. ಅಲ್ಲಿಯವರೆಗೆ ಸರಳೆ ವರಸೆ, ಅಲಂಕಾರ, ಗೀತೆ, ವರ್ಣ ಎಂದು ಕಲಿಸಿದ್ದನ್ನು ಕಲಿಸಿದ ಹಾಗೆಯೇ ನುಡಿಸಿಕೊಂಡು ಬಂದಿದ್ದ ನನಗೆ, ನಾನಾಗಿ ಏನನ್ನಾದರೂ ನುಡಿಸಬೇಕು ಎಂಬುದೇ ಅಳುಕಿನ ವಿಷಯವಾಗಿತ್ತು. ರಾಗ ಮೋಹನ, ತಾಳ ಆದಿ. ಮೋಹನದಲ್ಲಿ ಇರುವುದೇ ಐದು ಸ್ವರ. ಮೇಷ್ಟ್ರು ಅದರಲ್ಲೂ ಎರಡನ್ನು ಕಿತ್ತುಕೊಂಡರು. "ಇವತ್ತು ಗಾಂಧಾರ, ಪಂಚಮ, ಧೈವತ. ಅಷ್ಟೇ. ಕೆಳಗೆ ರಿಷಭಕ್ಕೆ ಇಳಿಯಬೇಡಿ, ಮೇಲೆ ಷಡ್ಜಕ್ಕೂ ಹೋಗಬೇಡಿ. ಆವರ್ತಕ್ಕೆ ಒಂದೊಂದು ಹೊಸದು ಬರಲಿ" ಎಂದು ತೊಡೆಯ ಮೇಲೆ ತಾಳ ಹಾಕತೊಡಗಿದರು. ಮೊದಲ ಕೆಲವು ಆವರ್ತಗಳು, ಅಂದರೆ ತಾಳದ ಸುತ್ತುಗಳು, ಸಲೀಸಾಗಿ ಹೋದವು. ಏರಿಸಿ ನುಡಿಸಿದೆ, ಇಳಿಸಿ ನುಡಿಸಿದೆ, ನಡುವಿನ ಪಂಚಮದಿಂದ ಶುರು ಮಾಡಿ ಅತ್ತಿತ್ತ ಓಡಾಡಿದೆ. ಮೂರು ಸ್ವರಗಳನ್ನು ಒಂದೊಂದೇ ಸಲ ಬಳಸಿ ಜೋಡಿಸಲು ಇರುವುದು ಆರೇ ಕ್ರಮ. ಅವು ಮುಗಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಮಾನು ನಿಂತಿತು. ಮೇಷ್ಟ್ರ ಕೈ ಮಾತ್ರ ನಿಲ್ಲಲಿಲ್ಲ. ತಾಳ ಹಾಕುತ್ತಲೇ, "ಸ್ವರ ಮುಗಿಯಿತು ಅಂತ ನಿಂತಿರಿ. ಕಾಲ ಇನ್ನೂ ಇದೆಯಲ್ಲ?" ಎಂದರು.

ಆ ಮಾತಿನ ನಂತರ ನಡೆದದ್ದನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ನನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇದೆ. ಮುಂದಿನ ಆವರ್ತದಲ್ಲಿ ಬೇರೇನೂ ತೋಚದೆ ಗಾಂಧಾರವೊಂದನ್ನೇ ಉದ್ದಕ್ಕೆ ಹಿಡಿದೆ; ಅದು ಹೊಸದಾಗಿ ಕೇಳಿಸಿತು. ಅದರ ಮುಂದಿನದರಲ್ಲಿ ತಾಳದ ಮೊದಲ ಎಣಿಕೆಯನ್ನು ಖಾಲಿ ಬಿಟ್ಟು ಎರಡನೆಯದರಿಂದ ಶುರು ಮಾಡಿದೆ. ಅದೇ ಮೂರು ಸ್ವರಗಳಿಗೆ ಬೇರೆಯೇ ನಡಿಗೆ ಬಂತು. ಆಮೇಲೆ ಗಪದ ಗಪದ ಗಪ ಎಂದು ಮೂರು, ಮೂರು, ಎರಡಾಗಿ ಎಂಟನ್ನು ಒಡೆದೆ. ಒಂದೇ ಗುಚ್ಛವನ್ನು ಒಂದು ಸಲ ಬಿಡಿಬಿಡಿ ಕಮಾನಿನಲ್ಲೂ ಇನ್ನೊಂದು ಸಲ ಒಂದೇ ಎಳೆತದಲ್ಲೂ ನುಡಿಸಿದೆ. ಧೈವತವನ್ನು ಒಮ್ಮೆ ನಿಶ್ಚಲವಾಗಿಯೂ ಒಮ್ಮೆ ತೂಗಿಯೂ ಹಿಡಿದೆ. ಇವುಗಳಲ್ಲಿ ಬಹುಪಾಲು ಸಪ್ಪೆಯಾಗಿತ್ತು ಎಂಬುದನ್ನು ಮೇಷ್ಟ್ರ ಮುಖವೇ ಹೇಳುತ್ತಿತ್ತು. ಕೆಲವು ಮಾತ್ರ ಅವರ ತಲೆಯನ್ನು ಸಣ್ಣದಾಗಿ ಅಲ್ಲಾಡಿಸಿದವು. ಆದರೆ ಐದೂ ಸ್ವರ ಕೈಯಲ್ಲಿದ್ದ ದಿನಗಳಲ್ಲಿ ಇವೊಂದೂ ನನಗೆ ಹೊಳೆದಿರಲಿಲ್ಲ. ಆಗ ಬೆರಳು ತಾನು ಕಂಠಪಾಠ ಮಾಡಿದ್ದ ಸಂಚಾರಗಳ, ಅಂದರೆ ಸಿದ್ಧ ಸ್ವರಗುಚ್ಛಗಳ, ಹಿಂದೆಯೇ ಓಡುತ್ತಿತ್ತು, ಮತ್ತು ಆ ಓಟವನ್ನೇ ನಾನು ಕಲ್ಪನೆ ಎಂದು ತಿಳಿದಿದ್ದೆ. ಅಭ್ಯಾಸವಾದ ದಾರಿಯನ್ನು ಗಡಿ ಮುಚ್ಚಿದಾಗ ಮಾತ್ರ ಕಾಲ, ಮೌನ, ಒತ್ತು, ಕಮಾನಿನ ಎಳೆತ ಎಂಬ ಉಳಿದ ಸಾಮಗ್ರಿಗಳು ಅಲ್ಲಿಯೇ ಇದ್ದವೆಂಬುದು ಕಣ್ಣಿಗೆ ಬಿತ್ತು.

ಸಭೆಯ ಬಿಳಿ ಹಲಗೆಯ ಮೇಲಿನ ರಿಯಾಯಿತಿ, ಆ್ಯಪ್, ಪ್ರಚಾರ ಎಂಬ ಮೂರು ಚೀಟಿಗಳೂ ಇಂಥ ಕಂಠಪಾಠದ ಸಂಚಾರಗಳೇ. "ಏನು ಬೇಕಾದರೂ ಹೇಳಿ, ಯಾವ ಮಿತಿಯೂ ಇಲ್ಲ" ಎಂದಾಗ ಮನಸ್ಸು ಹೊಸದರ ಕಡೆಗೆ ಹೋಗುತ್ತದೆ ಎಂದು ನಾವು ಎಣಿಸುತ್ತೇವೆ. ವಾಸ್ತವದಲ್ಲಿ ಅದು ಅತಿ ಹತ್ತಿರದ, ಅತಿ ಸವೆದ ದಾರಿಗೆ ಹೋಗುತ್ತದೆ. ನಾನು ಕೆಲಸ ಮಾಡುವ ಪುಟ್ಟ ಸಂಸ್ಥೆ ಸಣ್ಣ ಕಾರ್ಖಾನೆಗಳಿಗೆ ದಾಸ್ತಾನು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಉಚಿತ ಪ್ರಯೋಗದ ಅವಧಿಯಲ್ಲಿ ಬಂದವರು ಕೆಲವೇ ದಿನಗಳಲ್ಲಿ ಸದ್ದಿಲ್ಲದೆ ಬಿಟ್ಟುಹೋಗುವುದು ನಮ್ಮ ಹಳೆಯ ತಲೆನೋವಾಗಿತ್ತು, ಪ್ರತಿ ಸಭೆಯಲ್ಲೂ ಅದಕ್ಕೆ ಅದೇ ಮೂರು ಚೀಟಿ ಅಂಟಿಸಲಾಗುತ್ತಿತ್ತು. ಆ ಪಾಠದ ಗುಂಗಿನಲ್ಲೇ ಇದ್ದ ನಾನು ಒಂದು ಸಲ, ಹೊಸ ಪರದೆ ಸೇರಿಸುವಂತಿಲ್ಲ, ಬೆಲೆ ಮುಟ್ಟುವಂತಿಲ್ಲ, ಜಾಹೀರಾತಿಗೆ ಹಣವಿಲ್ಲ, ಈಗಿರುವ ಹಂತಗಳ ಹಿಂದುಮುಂದನ್ನು ಮಾತ್ರ ಬದಲಾಯಿಸಬಹುದು ಎಂಬ ಕಟ್ಟು ಹಾಕಿ ಚರ್ಚೆಗಿಟ್ಟೆ. ಮೊದಲಿಗೆ ಎಲ್ಲರಿಗೂ ರೇಗಿತು. ಸ್ವಲ್ಪ ಹೊತ್ತಿನ ನಂತರ, ಗ್ರಾಹಕರ ಕರೆಗಳನ್ನು ತೆಗೆದುಕೊಳ್ಳುವ ವಿಭಾಗದಲ್ಲಿದ್ದ, ಸಾಮಾನ್ಯವಾಗಿ ಸಭೆಗಳಲ್ಲಿ ಬಾಯಿ ತೆರೆಯದ ಹುಡುಗಿಯೊಬ್ಬಳು, "ಅವರು ತಮ್ಮ ಗೋದಾಮಿನಲ್ಲಿರುವ ಎಲ್ಲ ವಸ್ತುಗಳ ಪಟ್ಟಿ ತುಂಬಿಸುವ ತನಕ ನಾವು ಅವರಿಗೆ ಏನನ್ನೂ ತೋರಿಸುವುದಿಲ್ಲ ಸರ್. ಒಂದೇ ಒಂದು ವಸ್ತು ತುಂಬಿಸಿದ ತಕ್ಷಣ ಅದರ ವರದಿ ತೋರಿಸಿಬಿಟ್ಟರೆ?" ಎಂದು ಕೇಳಿದಳು. ಕೊನೆಯ ಹಂತ ಮೊದಲಿಗೆ ಬಂತು, ಅಷ್ಟೇ. ಬಿಟ್ಟುಹೋಗುವವರು ಅದರಿಂದ ಇಲ್ಲವಾಗಲಿಲ್ಲ, ಆದರೆ ಕಡಿಮೆಯಾದರು. ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಆ ಹುಡುಗಿಗೆ ಈ ವಿಷಯ ಬಹಳ ಹಿಂದೆಯೇ ತಿಳಿದಿತ್ತು. ಮಿತಿಯಿಲ್ಲದ ಸಭೆಯಲ್ಲಿ ಅದು ಹೇಳುವಷ್ಟು ದೊಡ್ಡ ಮಾತೆಂದು ಅವಳಿಗೇ ಅನ್ನಿಸಿರಲಿಲ್ಲ.

ಅಂದಹಾಗೆ, ಹೀಗೆ ಗುಂಪಿನಲ್ಲಿ ಕೂತು ವಿಚಾರಗಳನ್ನು ಸುರಿಯುವ ಬ್ರೈನ್‌ಸ್ಟಾರ್ಮಿಂಗ್ ಪದ್ಧತಿಯ ಮೂಲಪುರುಷ ಅಲೆಕ್ಸ್ ಆಸ್ಬಾರ್ನ್ ಎಂಬ ಅಮೆರಿಕದ ಜಾಹೀರಾತು ಉದ್ಯಮಿ. ಟೀಕೆ ಬೇಡ, ಸಂಖ್ಯೆ ಹೆಚ್ಚಲಿ, ವಿಚಿತ್ರವಾದರೂ ಪರವಾಗಿಲ್ಲ ಎಂಬುದು ಅವರು 1950ರ ದಶಕದಲ್ಲಿ ಜನಪ್ರಿಯಗೊಳಿಸಿದ ಸೂತ್ರ. 1958ರಷ್ಟು ಹಿಂದೆಯೇ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ನಾಲ್ವರು ಒಟ್ಟಿಗೆ ಕೂತು ಕೊಟ್ಟ ವಿಚಾರಗಳಿಗಿಂತ, ನಾಲ್ವರು ಬೇರೆ ಬೇರೆ ಕೂತು ಬರೆದುದನ್ನು ಕೂಡಿಸಿದಾಗ ಸಿಕ್ಕ ವಿಚಾರಗಳೇ ಹೆಚ್ಚಾಗಿದ್ದವು. ಇಷ್ಟು ಹಳೆಯ ಫಲಿತಾಂಶ ಇದ್ದೂ ಹಲಗೆ ಮತ್ತು ಚೀಟಿಗಳ ಮೇಲಿನ ನಮ್ಮ ಭಕ್ತಿ ಒಂದಿಷ್ಟೂ ಕಡಿಮೆಯಾಗಿಲ್ಲ.

ಗಡಿಯನ್ನು ಮೇಷ್ಟ್ರೇ ಹಾಕಬೇಕೆಂದಿಲ್ಲ, ಕೆಲವೊಮ್ಮೆ ಸಭಾಂಗಣವೇ ಹಾಕುತ್ತದೆ. ಪಿಟೀಲು ವಿದ್ವಾನ್ ಟಿ. ಚೌಡಯ್ಯನವರ ಕಾಲದಲ್ಲಿ ಧ್ವನಿವರ್ಧಕವಿಲ್ಲದ ಕಛೇರಿಗಳೇ ಸಾಮಾನ್ಯವಾಗಿದ್ದವು. ನಾಲ್ಕು ತಂತಿಯ ಪಿಟೀಲಿನ ನಾದ ಹಿಂದಿನ ಸಾಲಿನವರಿಗೆ ತಲುಪುತ್ತಿರಲಿಲ್ಲ. ಕೇಳುಗರನ್ನು ಮುಂದೆ ಕರೆಯಲು ಸಾಧ್ಯವಿಲ್ಲ, ಕಮಾನನ್ನು ಒತ್ತಿ ಎಳೆದರೆ ನಾದವೇ ಕೆಡುತ್ತದೆ. ಅವರು 1920ರ ದಶಕದಲ್ಲಿ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಢಿಸಿಕೊಂಡರು. ಇದನ್ನು ಹೊಸತನದ ಹಂಬಲ ಎನ್ನುವುದಕ್ಕಿಂತ, ನಾದ ಎಲ್ಲಿಯವರೆಗೆ ತಲುಪುತ್ತಿದೆ ಎಂಬುದನ್ನು ನುಡಿಸುವವನೇ ಗಮನಿಸಿದ್ದರ ಫಲ ಎನ್ನುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ತಾನು ಎಷ್ಟು ಚೆನ್ನಾಗಿ ನುಡಿಸುತ್ತಿದ್ದೇನೆ ಎಂಬುದರಲ್ಲೇ ಮುಳುಗಿದವನಿಗೆ ಹಿಂದಿನ ಸಾಲು ಎಂಬುದೊಂದು ಇರುವುದೇ ಇಲ್ಲ.

ಅಂದುಕೊಂಡ ನಾದ, ಹೊರಟ ನಾದ

ಪಿಯಾನೊದ ಮನೆ ಒತ್ತಿದರೆ ಸ್ವರ ಸರಿಯಾಗಿಯೇ ಬರುತ್ತದೆ. ವೀಣೆಗೆ 24 ಮೆಟ್ಟುಗಳಿವೆ. ಪಿಟೀಲಿನ ಕೈಹಲಗೆ ಮಾತ್ರ ಬೋಳು. ಅದರ ಮೇಲೆ ಬೆರಳು ಎಲ್ಲಿ ಕೂರಬೇಕು ಎಂದು ತೋರಿಸುವ ಒಂದು ಗೆರೆಯೂ ಇಲ್ಲ. ಕೂದಲೆಳೆಯಷ್ಟು ಹಿಂದೆ ಕೂತರೆ ಅಪಸ್ವರ, ಮುಂದೆ ಕೂತರೂ ಅಪಸ್ವರ. ಆದ್ದರಿಂದ ಈ ವಾದ್ಯದಲ್ಲಿ ಬೆರಳಿಗೆ ಸ್ವತಂತ್ರವಾದ ಜ್ಞಾನ ಎಂಬುದು ಬಹಳ ಕಾಲ ಬರುವುದಿಲ್ಲ. ಅದು ಪ್ರತಿ ಸಲವೂ ಕಿವಿಯನ್ನು ಕೇಳಿಕೊಂಡು ಜಾಗ ತಿದ್ದಿಕೊಳ್ಳಬೇಕು. ಹೀಗೆ ಹೇಳಿದರೆ ಸುಲಭದ ಸಂಗತಿಯಂತೆ ಕಾಣುತ್ತದೆ. ತೊಡಕು ಎಲ್ಲಿದೆಯೆಂದರೆ, ನುಡಿಸುವವನ ಕಿವಿ ಸುಳ್ಳು ಹೇಳುತ್ತದೆ. ಮನಸ್ಸಿನೊಳಗೆ ಆ ಸಾಲು ಎಷ್ಟು ಚೆನ್ನಾಗಿ ಮೊಳಗುತ್ತಿರುತ್ತದೆಯೆಂದರೆ, ಹೊರಗೆ ಬಂದ ನಾದವನ್ನು ಅದು ಮುಚ್ಚಿಬಿಡುತ್ತದೆ. ನಮ್ಮ ಮೇಷ್ಟ್ರು ಇದಕ್ಕೆ ಕಂಡುಕೊಂಡ ಉಪಾಯ ಫೋನಿನ ರೆಕಾರ್ಡಿಂಗ್. ನುಡಿಸಿ ಮುಗಿಸಿದ ಶಿಷ್ಯನನ್ನು ಮೊದಲು "ಹೇಗಿತ್ತು ಹೇಳಿ" ಎಂದು ಕೇಳುತ್ತಾರೆ, ಅವನು ಹೇಳಿದ್ದನ್ನು ಗಂಭೀರವಾಗಿ ಆಲಿಸುತ್ತಾರೆ, ಆಮೇಲೆ ಒಂದು ಮಾತೂ ಆಡದೆ ರೆಕಾರ್ಡಿಂಗ್ ಹಾಕುತ್ತಾರೆ. ಹೇಳಿದ್ದಕ್ಕೂ ಕೇಳಿಸುವುದಕ್ಕೂ ಇರುವ ಅಂತರ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಗುತ್ತದೆ. ಕಮಾನು ತಿರುಗಿಸುವಾಗಲೆಲ್ಲ ನಾದ ತುಂಡಾಗುವುದು, ಕಷ್ಟದ ಜಾಗ ಬಂದಾಗ ಲಯ ಓಡುವುದು, ಸುಲಭದ ಜಾಗದಲ್ಲಿ ಸುಮ್ಮನೆ ಆಲಸ್ಯ ಮಾಡುವುದು ಎಲ್ಲವೂ ಅಲ್ಲಿರುತ್ತದೆ. ಶಿಷ್ಯರಲ್ಲಿ ಹಲವರು ಮೊದಮೊದಲು ಆ ಫೋನನ್ನು ದ್ವೇಷಿಸುತ್ತಾರೆ.

ಹೀಗೆ ಹೊರಟ ನಾದವನ್ನು ಕೇಳಿಸಿಕೊಂಡವನೊಬ್ಬನ ದೂರಿನಿಂದ ಒಂದು ದೊಡ್ಡ ಉದ್ಯಮದ ಚರಿತ್ರೆಯೇ ತಿರುವು ಪಡೆದ ಉದಾಹರಣೆಯಿದೆ. ನೋರಿಯೊ ಓಗಾ ಟೋಕಿಯೊದಲ್ಲಿ ಗಾಯನ ಕಲಿಯುತ್ತಿದ್ದ ವಿದ್ಯಾರ್ಥಿ. 1950ರ ದಶಕದ ಆರಂಭದಲ್ಲಿ, ಮುಂದೆ ಸೋನಿ ಎಂದು ಹೆಸರಾದ ಪುಟ್ಟ ಕಂಪನಿಯೊಂದು ಟೇಪ್ ರೆಕಾರ್ಡರ್ ತಯಾರಿಸಿದಾಗ, ಅದರಲ್ಲಿ ಧ್ವನಿ ಅಲುಗಾಡುತ್ತದೆ, ಸಂಗೀತಕ್ಕೆ ಇದು ಸಾಲದು ಎಂದು ಅವರು ಆ ಕಂಪನಿಗೇ ಪತ್ರ ಬರೆದರು. ನರ್ತಕಿಗೆ ತನ್ನನ್ನು ನೋಡಿಕೊಳ್ಳಲು ಕನ್ನಡಿ ಬೇಕಾದಂತೆ ಗಾಯಕನಿಗೆ ತನ್ನನ್ನು ಕೇಳಿಸಿಕೊಳ್ಳುವ ಕನ್ನಡಿ ಬೇಕು ಎಂಬುದು ಅವರ ವಾದವಾಗಿತ್ತು. ಕಂಪನಿಯವರು ದೂರು ಕೊಟ್ಟ ಹುಡುಗನನ್ನೇ ಸಲಹೆಗೆ ಇಟ್ಟುಕೊಂಡರು. ಜರ್ಮನಿಯಲ್ಲಿ ಸಂಗೀತ ಕಲಿತು ಬಂದ ಓಗಾ 1959ರಲ್ಲಿ ಆ ಕಂಪನಿಗೆ ಪೂರ್ಣಾವಧಿಗೆ ಸೇರಿದರು, 1982ರಲ್ಲಿ ಅದರ ಅಧ್ಯಕ್ಷರಾದರು. ಅವರು ಹಠ ಹಿಡಿದು ಬೆನ್ನಿಗೆ ನಿಂತ ಸಿ.ಡಿ. ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗಾಯಕನೊಬ್ಬ ಉದ್ಯಮಿಯಾದ ವಿಚಿತ್ರವನ್ನು ಎತ್ತಿ ಹೇಳುತ್ತಾರೆ. ನನಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ತಯಾರಿಸಿದವರು ತಮ್ಮ ಯಂತ್ರದಲ್ಲಿ ಅಂದುಕೊಂಡದ್ದನ್ನು ಕೇಳುತ್ತಿದ್ದರು, ಗಾಯನದ ವಿದ್ಯಾರ್ಥಿ ಹೊರಟದ್ದನ್ನು ಕೇಳಿದ.

ನಮ್ಮ ಮಾರಾಟ ವಿಭಾಗದ ಕರೆಗಳ ಧ್ವನಿಮುದ್ರಣವನ್ನು ಕೇಳುವ ಪದ್ಧತಿಯನ್ನು ನಾನು ಆರಂಭಿಸಿದ್ದು ಮೇಷ್ಟ್ರ ಫೋನನ್ನು ನೋಡಿಯೇ. ಗ್ರಾಹಕರ ಒಪ್ಪಿಗೆ ಪಡೆದು ಮುದ್ರಿಸಿಕೊಂಡ ಕರೆಯನ್ನು ಹಾಕುವ ಮೊದಲು, ಮಾತಾಡಿದವರನ್ನು ಆ ಕರೆ ಹೇಗಿತ್ತೆಂದು ಕೇಳಲಾಗುತ್ತದೆ. "ಅವರಿಗೆ ಬೆಲೆ ಜಾಸ್ತಿ ಅನ್ನಿಸಿತು" ಎಂಬುದು ಹೆಚ್ಚಾಗಿ ಬರುವ ಉತ್ತರ. ಆಮೇಲೆ ಕರೆ ಕೇಳಿದರೆ, ಗ್ರಾಹಕ ಬೆಲೆಯ ಬಗ್ಗೆ ಒಂದೇ ಮಾತು ಆಡಿರುತ್ತಾನೆ, ಅದೂ ಕೊನೆಯಲ್ಲಿ, ಬೇರೇನು ಹೇಳಬೇಕೆಂದು ತೋಚದೆ. ಅದಕ್ಕೂ ಮೊದಲು ಅವನು ಹಳೆಯ ಲೆಕ್ಕವನ್ನು ಇದಕ್ಕೆ ಹೇಗೆ ವರ್ಗಾಯಿಸುವುದು ಎಂದು ಬೇರೆ ಬೇರೆ ರೀತಿಯಲ್ಲಿ ಮತ್ತೆ ಮತ್ತೆ ಕೇಳಿರುತ್ತಾನೆ, ಪ್ರತಿ ಸಲವೂ ನಮ್ಮವರು ಸಾಫ್ಟ್‌ವೇರಿನ ಇನ್ನೊಂದು ಗುಣವನ್ನು ವರ್ಣಿಸಿರುತ್ತಾರೆ. ಬೆಲೆ ಎಂದು ನಂಬಿದ್ದರೆ ಪರಿಹಾರ ರಿಯಾಯಿತಿ. ವರ್ಗಾವಣೆಯ ಭಯ ಎಂದು ಕೇಳಿಸಿದ ಮೇಲೆ ಮೊದಲ ವಾರ ನಾವೇ ಕೂತು ಹಳೆಯ ಲೆಕ್ಕ ತುಂಬಿಸಿಕೊಡುವುದು, ಹಳೆಯ ಪುಸ್ತಕವನ್ನೂ ಹೊಸದನ್ನೂ ಕೆಲಕಾಲ ಒಟ್ಟಿಗೆ ನಡೆಸಲು ಹೇಳುವುದು, ಚಿಕ್ಕ ಗೋದಾಮೊಂದರಿಂದ ಮಾತ್ರ ಆರಂಭಿಸುವುದು ಎಂದು ದಾರಿಗಳು ತಾವಾಗಿಯೇ ತೆರೆದುಕೊಂಡವು. ಈ ವಿಚಾರಗಳಲ್ಲಿ ಪ್ರತಿಭೆಯ ಮಿಂಚೇನೂ ಇಲ್ಲ. ಕೇಳಿಸಿಕೊಂಡದ್ದು ಸರಿಯಾಗಿದ್ದುದರಿಂದ ಯೋಚನೆಯೂ ಸರಿಯಾದ ಕಡೆ ಹೊರಳಿತು.

ಹಾಗಾದರೆ ವಾದ್ಯ ಬಾರದವನಿಗೆ ಈ ಗುಣ ಬರುವುದೇ ಇಲ್ಲವೇ ಎಂದು ಕೇಳಿದರೆ, ಲಿಯೊ ಫೆಂಡರ್ ಅವರ ಹೆಸರು ಹೇಳಲೇಬೇಕು. ಸ್ಟ್ರಾಟೊಕಾಸ್ಟರ್ ಎಂಬ ಪ್ರಸಿದ್ಧ ವಿದ್ಯುತ್ ಗಿಟಾರನ್ನು 1954ರಲ್ಲಿ ಹೊರತಂದ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ರೇಡಿಯೊ ರಿಪೇರಿಯಿಂದ ಆರಂಭಿಸಿದ ಆ ಮನುಷ್ಯ, ತಯಾರಾದ ಮಾದರಿಗಳನ್ನು ನುಡಿಸುವವರ ಕೈಗೆ ಕೊಟ್ಟು ಅವರ ದೂರುಗಳನ್ನು ಕೇಳಿಕೊಂಡು ಮತ್ತೆ ಮತ್ತೆ ತಿದ್ದುತ್ತಿದ್ದರು. ನನ್ನ ವಾದಕ್ಕೆ ಇದು ಅಡ್ಡಿಯೆಂದು ನನಗನ್ನಿಸುವುದಿಲ್ಲ. ಕಿವಿಗೊಡುವುದನ್ನು ಕಲಿಯಲು ಬೇರೆ ದಾರಿಗಳೂ ಇವೆ. ವಾದ್ಯದಲ್ಲಿ ಅದರಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ ಎಂಬುದಷ್ಟೇ ಅದರ ಹೆಚ್ಚುಗಾರಿಕೆ.

ತೀರ್ಪು ಕೊಡುವವನು

ಇಲ್ಲಿ ಒಂದು ವಿರೋಧಾಭಾಸ ತಲೆದೋರುತ್ತದೆ. ತಾನು ನುಡಿಸಿದ್ದನ್ನು ಇಷ್ಟು ನಿಷ್ಠುರವಾಗಿ ಕೇಳುವವನು ಧೈರ್ಯವಾಗಿ ಹೊಸದನ್ನು ನುಡಿಸುವುದು ಹೇಗೆ? ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರಾನ್ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಪ್ರಶ್ನೆಯ ಹತ್ತಿರ ಸುಳಿಯುತ್ತದೆ. ಆರು ಮಂದಿ ವೃತ್ತಿಪರ ಜಾಝ್ ಪಿಯಾನೊ ವಾದಕರನ್ನು ಮೆದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿಸಿ, ಅದಕ್ಕೆಂದೇ ಮಾಡಿದ ಪುಟ್ಟ ಕೀಬೋರ್ಡ್ ಕೊಟ್ಟು, ಕಂಠಪಾಠ ಮಾಡಿದ್ದನ್ನೂ ಆಶುವಾಗಿ ಹೊಳೆದದ್ದನ್ನೂ ನುಡಿಸಲು ಹೇಳಲಾಯಿತು. ಆಶುವಾಗಿ ನುಡಿಸುವಾಗ, ನಮ್ಮನ್ನು ನಾವೇ ಕಾವಲು ಕಾಯುವುದರೊಂದಿಗೆ ತಳಕು ಹಾಕಲಾಗುವ ಮುಂಭಾಗದ ಹೊರಬದಿಯ ಚಟುವಟಿಕೆ ತಗ್ಗಿತ್ತು, ತನ್ನತನದ ಅಭಿವ್ಯಕ್ತಿಯೊಂದಿಗೆ ಸಂಬಂಧವಿದೆಯೆನ್ನುವ ನಡುಭಾಗದ ಚಟುವಟಿಕೆ ಏರಿತ್ತು. ಆರೇ ಜನರ ಮೇಲಿನ ಅಧ್ಯಯನವಾದ್ದರಿಂದ ಅದರ ಮೇಲೆ ಬಹಳ ಭಾರ ಹೇರಬಾರದು. ಆದರೂ ಅದನ್ನು ಓದುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಆ ಆರೂ ಮಂದಿ ವರ್ಷಗಟ್ಟಲೆ ಸಾಧನೆ ಮಾಡಿದ್ದವರು. ಅವರೊಳಗಿನ ಕಾವಲುಗಾರ ಹೊರಗೆ ಹೋಗಲು ಒಪ್ಪಿದ್ದು, ಅವನಿಲ್ಲದೆಯೂ ಕೈ ಕೆಡುವುದಿಲ್ಲ ಎಂಬಷ್ಟು ಕಿವಿ ಪಳಗಿದ್ದುದರಿಂದ.

ಸಭೆಯಲ್ಲಿ "ಯಾರೂ ಟೀಕಿಸಬಾರದು" ಎಂದು ಅಪ್ಪಣೆ ಕೊಟ್ಟ ಮಾತ್ರಕ್ಕೆ ಈ ಸಡಿಲಿಕೆ ಬರುವುದಿಲ್ಲ. ಹೊರಗಿನವರು ಬಾಯಿ ಮುಚ್ಚಿಕೊಂಡರೂ ಒಳಗಿನವನು ಸುಮ್ಮನಿರುವುದಿಲ್ಲ. ವಾದ್ಯದ ಅಭ್ಯಾಸದಲ್ಲಿ ಅವನನ್ನು ಪಳಗಿಸುವ ಬಗೆ ಬೇರೆ. ಮೂರು ಸ್ವರದ ಆ ಸಂಜೆಯಲ್ಲಿ ನನ್ನ ಸಪ್ಪೆ ಆವರ್ತಗಳ ಆಯುಸ್ಸು ಕೆಲವೇ ಕ್ಷಣ. ಅದು ಸಪ್ಪೆಯೆಂದು ಗೊತ್ತಾಗುವಷ್ಟರಲ್ಲಿ ಮುಂದಿನದು ಆರಂಭವಾಗಿರುತ್ತಿತ್ತು. ಯಾವುದೂ ಉಳಿಯುವುದಿಲ್ಲ, ಯಾವುದನ್ನೂ ಸಮರ್ಥಿಸಿಕೊಳ್ಳಬೇಕಾಗಿಲ್ಲ. ಇಂಥ ಅಗ್ಗದ ಸೋಲುಗಳನ್ನು ದಿನವೂ ಉಂಡವನಿಗೆ ತನ್ನ ವಿಚಾರವೊಂದು ಬಿದ್ದುಹೋದಾಗ ತಾನೇ ಬಿದ್ದುಹೋದಂತೆ ಅನ್ನಿಸುವುದು ನಿಧಾನವಾಗಿ ಕಡಿಮೆಯಾಗುತ್ತದೆ. ವ್ಯವಹಾರದಲ್ಲಿ ನಾವು ಇದಕ್ಕೆ ವಿರುದ್ಧವಾದುದನ್ನು ಮಾಡುತ್ತೇವೆ. ಒಂದು ಪ್ರಸ್ತಾವನೆಯನ್ನು ತಿಂಗಳುಗಟ್ಟಲೆ ತಿದ್ದಿ ತೀಡಿ, ಚಿತ್ರಪಟಗಳಿಂದ ಅಲಂಕರಿಸಿ, ಆಮೇಲೆ ಮೇಜಿನ ಮೇಲೆ ಇಡುತ್ತೇವೆ. ಅಷ್ಟು ಹೊತ್ತಿಗೆ ಅದನ್ನು ಬಿಡಲು ಯಾರಿಗೂ ಮನಸ್ಸಿರುವುದಿಲ್ಲ, ಅದರ ಅಪಸ್ವರ ಯಾರಿಗೂ ಕೇಳಿಸುವುದೂ ಇಲ್ಲ. ಸಿಬ್ಬಂದಿಯನ್ನು ಒಂದು ದಿನದ ಡ್ರಮ್ ಬಾರಿಸುವ ಶಿಬಿರಕ್ಕೆ ಕಳುಹಿಸಿ ಸೃಜನಶೀಲತೆ ಬಂತೆಂದು ನಂಬುವ ಸಂಸ್ಥೆಗಳ ಬಗ್ಗೆ ನನಗೆ ನಗುವೂ ಬೇಸರವೂ ಒಟ್ಟಿಗೇ ಬರುತ್ತದೆ. ಆ ದಿನ ಎಲ್ಲರೂ ಸಂತೋಷವಾಗಿರುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಶಿಬಿರದಲ್ಲಿ ಯಾರೂ ತಮ್ಮದನ್ನು ತಾವು ಕೇಳಿಸಿಕೊಂಡಿರುವುದಿಲ್ಲ. ಸದ್ದು ಅಷ್ಟು ಜೋರಾಗಿರುತ್ತದೆ.

ಒಬ್ಬೊಬ್ಬರೇ ತಮ್ಮನ್ನು ಕೇಳಿಕೊಳ್ಳುವುದರಿಂದ ಇಡೀ ಗುಂಪು ತನ್ನನ್ನು ಕೇಳಿಕೊಳ್ಳುವುದಕ್ಕೆ ಇನ್ನೊಂದು ಹೆಜ್ಜೆಯಿದೆ. ನ್ಯೂಯಾರ್ಕಿನಲ್ಲಿ 1972ರಲ್ಲಿ ಆರಂಭವಾದ ಆರ್ಫಿಯಸ್ ಎಂಬ ವಾದ್ಯವೃಂದಕ್ಕೆ ಮುಂದೆ ನಿಂತು ಕೈಸನ್ನೆಯಿಂದ ನಡೆಸುವ ನಿರ್ದೇಶಕನೇ ಇಲ್ಲ. ಪ್ರತಿ ಕೃತಿಗೂ ಕೆಲವರು ಮುಂದಾಳುಗಳಾಗುತ್ತಾರೆ, ಮುಂದಿನ ಕೃತಿಗೆ ಬೇರೆಯವರು. ಅವರ ಪದ್ಧತಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ತಾಲೀಮಿನ ನಡುವೆ ಒಬ್ಬರು ತಮ್ಮ ವಾದ್ಯ ಕೆಳಗಿಟ್ಟು ಸಭಾಂಗಣಕ್ಕೆ ಇಳಿದು ಹೋಗಿ, ಕೇಳುಗರ ಜಾಗದಲ್ಲಿ ನಿಂತು ಎಲ್ಲ ಸೇರಿ ಹೇಗೆ ಕೇಳಿಸುತ್ತಿದೆ ಎಂದು ನೋಡಿ ಬರುವುದು. ಆರ್ಫಿಯಸ್ ಬಗ್ಗೆ ಆಡಳಿತ ವಿಷಯದ ಪಾಠಗಳಲ್ಲಿ ನಾಯಕತ್ವದ ಮಾತೇ ಹೆಚ್ಚು. ನನಗೇನೋ ನಾಯಕತ್ವ ಹಂಚಿಕೊಳ್ಳುವುದಕ್ಕಿಂತ ಹಾಗೆ ಕೆಳಗಿಳಿದು ಹೋಗುವುದೇ ಹೆಚ್ಚಿನ ವಿಷಯವೆನಿಸುತ್ತದೆ, ಏಕೆಂದರೆ ಇಳಿದು ಹೋದವರು ಮರಳಿ ಬಂದು ಹೇಳಿದ್ದನ್ನು ಉಳಿದವರು ನಂಬಬೇಕಾಗುತ್ತದೆ. ನಮ್ಮಲ್ಲಿ ಗ್ರಾಹಕರ ಕರೆ ತೆಗೆದುಕೊಳ್ಳುವವರು ದಿನವಿಡೀ ಸಭಾಂಗಣದಲ್ಲೇ ನಿಂತಿರುತ್ತಾರೆ. ಅವರನ್ನು ವೇದಿಕೆಗೆ ಕರೆದು ಕೇಳುವವರು ಕಡಿಮೆ.

ಕಿವಿ ಸೋಲುವಲ್ಲಿ

ವಾದ್ಯ ಕಲಿತವರೆಲ್ಲ ವ್ಯವಹಾರದಲ್ಲಿ ಹೀಗೆ ಯೋಚಿಸುತ್ತಾರೆಯೇ ಎಂದರೆ, ಖಂಡಿತ ಇಲ್ಲ. ಸೊಗಸಾಗಿ ನುಡಿಸುವ, ಆದರೆ ಕಚೇರಿಯಲ್ಲಿ ಯಾರ ಮಾತನ್ನೂ ಕೇಳದ ಜನರನ್ನು ನಾನು ಬಲ್ಲೆ. ಒಂದು ಕೋಣೆಯ ರೂಢಿ ಇನ್ನೊಂದು ಕೋಣೆಗೆ ತಾನಾಗಿಯೇ ನಡೆದು ಹೋಗುವುದಿಲ್ಲ. ಮೇಲೆ ಹೇಳಿದ 54 ಅಧ್ಯಯನಗಳ ಫಲಿತಾಂಶವನ್ನು ನಾನು ಹೀಗೆಯೇ ಅರ್ಥ ಮಾಡಿಕೊಳ್ಳುತ್ತೇನೆ. ಯಾರಾದರೂ ಅದನ್ನು ಬೇಕೆಂದೇ ಎತ್ತಿಕೊಂಡು ಹೋಗಿ, ಇಲ್ಲಿ ಗಡಿ ಯಾವುದು, ಇಲ್ಲಿ ಹೊರಟ ನಾದ ಯಾವುದು, ಅದನ್ನು ಕೇಳಿಸಿಕೊಳ್ಳುವ ಉಪಾಯ ಯಾವುದು ಎಂದು ಹೆಸರಿಟ್ಟು ಕೇಳಬೇಕಾಗುತ್ತದೆ. ಹಾಗೆಯೇ, ವ್ಯವಹಾರಕ್ಕೆ ಲಾಭವಾಗಲಿ ಎಂಬ ಒಂದೇ ಕಾರಣಕ್ಕೆ ಪಿಟೀಲು ಹಿಡಿಯುವವರಿಗೆ ನಾನು ಬೇಡವೆನ್ನುತ್ತೇನೆ. ಕರ್ಕಶ ನಾದದ ಆ ಮೊದಲ ಘಟ್ಟ ಬಹಳ ಉದ್ದವಾದದ್ದು. ನಾದದ ಮೇಲೆ ಪ್ರೀತಿಯಿಲ್ಲದವರು ಅಲಂಕಾರಗಳು ಮುಗಿಯುವ ಮೊದಲೇ ಬಿಟ್ಟುಬಿಡುತ್ತಾರೆ, ಮತ್ತು ನಾನು ಹೇಳುತ್ತಿರುವ ರೂಢಿ ಕೈಗೆ ಹತ್ತುವುದು ಅದರ ನಂತರ.

ಇನ್ನೊಂದು ಮಿತಿ ಇದಕ್ಕಿಂತ ಆಳದ್ದು. ಕಮಾನು ಎಳೆದ ಕ್ಷಣದಲ್ಲೇ ನಾದ ಬರುತ್ತದೆ, ತಿದ್ದಿಕೊಳ್ಳಲು ಮುಂದಿನ ಕ್ಷಣ ಸಿದ್ಧವಾಗಿರುತ್ತದೆ. ವ್ಯವಹಾರದಲ್ಲಿ ಗ್ರಾಹಕನ ಕರೆ, ಪರದೆಯ ಹಂತಗಳು, ಜಾಹೀರಾತಿನ ಒಂದು ಸಾಲು ಇಂಥವುಗಳಿಗೆ ಮಾತ್ರ ಅಷ್ಟು ಬೇಗ ಉತ್ತರ ಬರುತ್ತದೆ. ಯಾರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳಬೇಕು, ಯಾವ ಮಾರುಕಟ್ಟೆಯನ್ನು ಬಿಟ್ಟುಬಿಡಬೇಕು, ಸಾಲ ತೆಗೆದು ವಿಸ್ತರಿಸಬೇಕೋ ಬೇಡವೋ ಎಂಬಂಥ ನಿರ್ಧಾರಗಳ ನಾದ ಕೇಳಿಸಲು ವರ್ಷಗಳೇ ಹಿಡಿಯಬಹುದು, ಅಷ್ಟರಲ್ಲಿ ಸುತ್ತಲಿನ ನೂರು ಸದ್ದುಗಳು ಅದರೊಂದಿಗೆ ಬೆರೆತು, ಯಾವುದು ನಮ್ಮ ಕಮಾನಿನದು ಎಂದು ಹೇಳಲಾಗದ ಸ್ಥಿತಿ ಬಂದಿರುತ್ತದೆ. ಕೆಲವನ್ನು ಚಿಕ್ಕದಾಗಿ ಒಡೆದು, ಒಂದು ತುಂಡನ್ನಾದರೂ ಬೇಗ ಕೇಳಿಸುವಂತೆ ಮಾಡಬಹುದು. ಪಾಲುದಾರಿಕೆಗೆ ಮೊದಲು ಒಂದು ಸಣ್ಣ ಕೆಲಸವನ್ನು ಒಟ್ಟಿಗೆ ಮಾಡಿ ನೋಡುತ್ತೇವೆ, ಹೊಸ ಮಾರುಕಟ್ಟೆಗೆ ಮೊದಲು ಒಬ್ಬರೇ ಗ್ರಾಹಕರನ್ನು ಹುಡುಕುತ್ತೇವೆ. ಸಾಲದ ನಿರ್ಧಾರ ಹಾಗೆ ಒಡೆಯುವಂಥದ್ದಲ್ಲ. ಈಗ ನಮ್ಮ ಸಂಸ್ಥೆಯ ಮುಂದಿರುವುದು ಅಂಥದ್ದೇ ಒಂದು ಪ್ರಶ್ನೆ, ಮತ್ತು ಅದರ ವಿಷಯದಲ್ಲಿ ಪಿಟೀಲಿನಿಂದ ನನಗೆ ಏನೂ ಸಿಕ್ಕಿಲ್ಲ. ಲೆಕ್ಕ ಪರಿಶೋಧಕರ ಜೊತೆ ಕೂತು, ಬಡ್ಡಿಯ ಪಟ್ಟಿಯನ್ನೂ ಮುಂದಿನ ವರ್ಷಗಳ ಅಂದಾಜನ್ನೂ ಸಾಲುಸಾಲಾಗಿ ನೋಡುತ್ತಿದ್ದೇನೆ.